ಕಿವಿಗುರುತಿಲ್ಲದ ಮೇಕೆಗಳು

ಕಂಪನಿಯ ವಿಮಾನ ನಾಕಾಲೆಲ್ ಬಯಲಿನಲ್ಲಿ ಇಳಿಯುವಾಗ ಲೊಂಗೋರನ ಮಗಳು ನೌಕೋತಳಿಗೆ ಬಡಿದು ಅವಳನ್ನು ಕೊಂದಿತು. ಸತ್ತದ್ದು ಮೇಕೆ ಎಂದು ಕಂಪನಿಯವರು ಹೇಳಿದರು. ಮೇಕೆಯ ಬದಲಿಗೆ ಒಂದು ಮೇಕೆ ಕಳಿಸಿಕೊಟ್ಟರು.

ಮೇಕೆಯೂ ಸತ್ತಿತ್ತು, ಅದು ಸುಳ್ಳಲ್ಲ. ಅಂದು ಬಯಲಿನಲ್ಲಿ ಒಂದು ಮರಿ ಹಿಂದೆ ಉಳಿದುಬಿಟ್ಟಿತ್ತು. ಅದನ್ನು ಎತ್ತಿಕೊಳ್ಳಲೆಂದು ನೌಕೋತ್ ಹಿಂದಕ್ಕೆ ಓಡಿದಳು. ವಿಮಾನದ ಸದ್ದು ಕೇಳಿದ ಕೂಡಲೇ ಬಯಲಿನಿಂದ ಮೇಕೆ ಓಡಿಸುವ ಕೆಲಸವನ್ನು ಅವಳಿಗೂ ಅವಳ ಗೆಳತಿ ಅಪುವಾಳಿಗೂ ಕೊಟ್ಟವರು ಕಂಪನಿಯವರೇ. ಕೂಲಿಯೆಂದರೆ ಅಡುಗೆ ಎಣ್ಣೆಯ ಖಾಲಿ ಡಬ್ಬ. ಇಳಿಯುವ ಮುನ್ನ ವಿಮಾನ ಊರ ಮೇಲೆ ಒಂದು ಸುತ್ತು ಹಾಕಬೇಕು, ಬಯಲು ಬಿಡಿಸಲು ಹುಡುಗಿಯರಿಗೆ ಹೊತ್ತು ಕೊಡಬೇಕು ಎಂದು ಮಾತಾಗಿತ್ತು. ಅಂದಿನ ಪೈಲಟ್‌ಗೆ ಏನು ಆತುರವಿತ್ತೋ, ಸುತ್ತು ಹಾಕಲಿಲ್ಲ. ಸೂರ್ಯನ ಕಡೆಯಿಂದ ನೇರವಾಗಿ ಇಳಿದ. ಅಪುವಾ ಬಯಲಿನ ಆಚೆ ಅಂಚಿನಲ್ಲಿ ನಿಂತು ಕೂಗುತ್ತಲೇ ಇದ್ದಳು. ವಿಮಾನದ ಮುಂದಿನ ಕಾಲು ಮುರಿದು, ಮೂಗು ಮರಳಿಗೆ ನಾಟಿ, ಪಂಖ ಬಾಳೆಯೆಲೆಯ ಹಾಗೆ ಸುರುಟಿಕೊಂಡು ನಿಂತಿತು. ಪೈಲಟ್‌ನನ್ನು ಹೊರಗೆಳೆದು ನೀರು ಕುಡಿಸಿದವರು ನಮ್ಮವರು. ನೌಕೋತಳನ್ನು ಎತ್ತಿದವರಲ್ಲಿ ನಾನೂ ಒಬ್ಬಳು. ಊರಿನ ಒಂದು ಕೋಣೆಯ ದವಾಖಾನೆಗೆ ನಾನೇ ನರ್ಸು. ಊರವರು ಪ್ರೀತಿಗೆ ದಕ್ತಾರಿ, ಅಂದರೆ ಡಾಕ್ಟರು, ಅನ್ನುತ್ತಾರೆ. ಅಂದು ಅವಳನ್ನು ದವಾಖಾನೆಗೆ ತರಬೇಕಾದ ಅಗತ್ಯವೇ ಬೀಳಲಿಲ್ಲ.

ಬಯಲಿನ ಅಂಚಿನಲ್ಲಿ ಅವಳನ್ನು ಮಣ್ಣು ಮಾಡಿ ಕಲ್ಲು ಪೇರಿಸಿದೆವು. ಕಂಪನಿಯವರು ಇನ್ನೊಂದು ವಿಮಾನದಲ್ಲಿ ಬಂದು, ಮೂಗು ಮುರಿದ ವಿಮಾನಕ್ಕೆ ನೆರಳು ಕಟ್ಟಿದರು. ಕಾವಲು ಹಾಕಿದರು. ಹೊಸ ಕಾಲು ಬಂತು, ಹೊಸ ಪಂಖ ಬಂತು, ಎಂಜಿನ್ ಇಳಿಸಿ ಬಿಚ್ಚಿ ಕಟ್ಟಿದರು. ಗೋರಿಯ ಮೇಲೆ ಕಲ್ಲಿಡಲು ಬಂದ ಹೆಂಗಸರನ್ನು ಕಾವಲಿನವನು ದೂರ ನಿಲ್ಲಿಸಿದ, ವಿಮಾನದ ಹತ್ತಿರ ಬರಬೇಡಿ, ಹಾಳಾಗುತ್ತದೆ ಎಂದು. ಹುಡುಗಿ ಎಂದರೆ ಪೊಲೀಸರು ಬರಬೇಕಿತ್ತು, ರಾಜಧಾನಿಯಲ್ಲಿ ಯಾರಾದರೂ ಉತ್ತರ ಕೊಡಬೇಕಿತ್ತು. ಮೇಕೆ ಎಂದರೆ ಇದ್ಯಾವುದೂ ಬೇಕಿಲ್ಲ. ಹಸಿದವರಿಗೆ ಜೋಳ ಹೊತ್ತು ತರುವ ಕಂಪನಿಯನ್ನು ಕೇಳುವವರಾದರೂ ಯಾರು? ಉಣ್ಣಲು ಕೊಟ್ಟವರು ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಪಾಠವನ್ನು ಅವರು ಜೋಳದ ಮೂಟೆಗಳ ಜೊತೆಯಲ್ಲೇ ಇಳಿಸಿದ್ದರು. ನಾವು ಎರಡನ್ನೂ ಹೊತ್ತುಕೊಂಡು ಮನೆಗೆ ಹೋಗಿದ್ದೆವು.

ಆಮೇಲೆ ಒಂದು ಲಾರಿಯಲ್ಲಿ ಆ ಮೇಕೆ ಬಂತು. ಬಿಳಿ ಮೈ, ಕಪ್ಪು ಮುಖ, ಗಬ್ಬದ ಹೆಣ್ಣು. ಡ್ರೈವರ್ ಅದನ್ನು ಲೊಂಗೋರನ ಮುಳ್ಳುಬೇಲಿಗೆ ಕಟ್ಟಿ, ಕಂಪನಿಯವರು ಕೊಟ್ಟಿದ್ದಾರೆ, ಮುಗಿಯಿತಂತೆ ಎಂದು ಹೇಳಿ ಹೋದ.

ನಮ್ಮಲ್ಲಿ ಕಟ್ಟಿದ ಮಾತ್ರಕ್ಕೆ ಯಾವುದೂ ಮುಗಿಯುವುದಿಲ್ಲ. ಹೆಣ್ಣಿಗಾಗಿ ಬಂದದ್ದಿರಲಿ, ಸಾಲಕ್ಕೆ ಬಂದದ್ದಿರಲಿ, ರಕ್ತಕ್ಕೆ ಬಂದದ್ದಿರಲಿ, ಹಟ್ಟಿಗೆ ಬಂದ ಪ್ರಾಣಿಯ ಕಿವಿಗೆ ಮನೆಯ ಯಜಮಾನ ತನ್ನ ಗುರುತು ಕೊಯ್ಯಬೇಕು. ಕೊಯ್ದರೆ ಒಪ್ಪಿಕೊಂಡ ಹಾಗೆ, ಮಾತು ತೀರಿದ ಹಾಗೆ. ಅಲ್ಲಿಯವರೆಗೆ ಅದು ಕೊಟ್ಟವನದೇ. ಅಂಥ ಪ್ರಾಣಿಯ ಮೇಲೆ ಬೇರೆಯವರು ಕೋಲೆತ್ತಿ ಓಡಿಸುವ ಹಾಗೂ ಇಲ್ಲ. ಓಡಿಸಿದವನು ಅದನ್ನು ತನ್ನದು ಎಂದ ಹಾಗೆ, ಅದರ ಹಿಂದಿರುವ ಲೆಕ್ಕವೆಲ್ಲ ಅವನ ತಲೆಗೆ. ಲೊಂಗೋರನ ಗುರುತು ಇಡೀ ಸೀಮೆಗೆ ಗೊತ್ತು: ಎಡಗಿವಿಯ ಕೆಳಗೊಂದು ಕಚ್ಚು, ಬಲಗಿವಿಯ ತುದಿ ಇಲ್ಲ. ಅವನು ಆ ಮೇಕೆಯನ್ನು ನೋಡಿದ. ಕಟ್ಟಿದ್ದ ಹಗ್ಗ ಬಿಚ್ಚಿದ. ಕಿವಿಗೆ ಕೈ ಹಾಕಲಿಲ್ಲ.

ಅದು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಅವನ ಮಂದೆಯ ಹಿಂದೆಯೇ ಮೇಯಿತು, ಅವನ ಮಂದೆ ಕುಡಿದು ಉಳಿದ ನೀರು ಕುಡಿಯಿತು. ಈಯಿತು. ಮರಿಗಳು ಬೆಳೆದು ಅವೂ ಈದವು. ಎಲ್ಲವಕ್ಕೂ ಎಲೆಯ ಹಾಗೆ ಇಡಿಯಾದ ಕಿವಿ. ಲೊಂಗೋರ್ ಅವುಗಳಲ್ಲಿ ಒಂದನ್ನೂ ಮಾರಲಿಲ್ಲ, ಕೊಯ್ಯಲಿಲ್ಲ, ಹಾಲು ಕರೆಯಲಿಲ್ಲ. ನೀರು ಬತ್ತಿದ ವರ್ಷ ಅವನ ಹೆಂಡತಿ ಎಸಿನ್ಯೆನ್ ಹಾಲು ಕರೆಯುವ ಸೋರೆಬುರುಡೆ ಹಿಡಿದು ಅವುಗಳ ನಡುವೆ ಕುಳಿತಿದ್ದಳು. ಖಾಲಿ ಬುರುಡೆಯೊಂದಿಗೇ ಎದ್ದು ಬಂದಳು. ಊರವರು ಆ ಮಂದೆಗೆ ಹೆಸರಿಟ್ಟರು: ಕಂಪನಿ. ಕಂಪನಿ ನೀರಿಗೆ ಬಂತು. ಕಂಪನಿ ದವಾಖಾನೆಯ ಗೋಡೆ ನೆಕ್ಕುತ್ತಿದೆ, ಓಡಿಸೋ ಹಾಗೂ ಇಲ್ಲ. ಹೀಗೆ ನಗುತ್ತಿದ್ದರು. ಲೊಂಗೋರ್ ಮಾತ್ರ ನಗುತ್ತಿರಲಿಲ್ಲ.

ಜೋಳದ ವಿಮಾನಗಳನ್ನು ಇಲ್ಲಿಗೆ ತಂದಿದ್ದ ಗಡಿಯಾಚೆಯ ಯುದ್ಧ ನಿಂತಿತು. ಕಂಪನಿ, ಅಂದರೆ ನಿಜವಾದ ಕಂಪನಿ, ಡೇರೆ ಕಿತ್ತಿತು. ಬಿಳಿಯರು ತಮ್ಮ ಊರಿಗೆ ಹೋದರು. ಅವರ ವಿಮಾನಗಳು ಲೋಕಿ ಪಟ್ಟಣದ ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಂತು ಬಿಸಿಲು ತಿಂದವು. ನಮಗೆ ಉಳಿದದ್ದು ನದಿ. ಮಳೆ ಬಂದರೆ ಅದು ಲಾರಿಯ ದಾರಿಯನ್ನು ನುಂಗಿಬಿಡುತ್ತದೆ. ಕಳೆದ ಮಳೆಯಲ್ಲಿ ಐತೇ ಎಂಬವಳು ಹೆರಿಗೆಯ ನೋವಿನಲ್ಲಿ ಆ ದಡದ ಮೇಲೇ ಸತ್ತಳು. ಕೂಸಿನ ಕೈ ಮಾತ್ರ ಹೊರಬಂದಿತ್ತು. ನೀರು ಇಳಿಯಲಿ ಎಂದು ನಾನು ಅವಳ ಪಕ್ಕ ಕುಳಿತು ಕಾದೆ. ನೀರು ಇಳಿಯಿತು, ಅವಳು ತಣ್ಣಗಾದ ಮೇಲೆ.

ಅದಕ್ಕೇ, ಎಕುವೋಮ್ ಬಂದು ವಿಮಾನದ ಮಾತೆತ್ತಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು. ಎಕುವೋಮ್ ನಮ್ಮ ಊರಲ್ಲೇ ಮೇಕೆ ಕಾದು ಬೆಳೆದವನು, ಈಗ ಜಿಲ್ಲೆಯ ಕಚೇರಿಯಲ್ಲಿ ದೊಡ್ಡ ಕುರ್ಚಿ. ಬಸುರಿಯರಿಗೆ, ರೋಗಿಗಳಿಗೆ ಒಂದು ಸಣ್ಣ ವಿಮಾನ ಕೊಳ್ಳಲು ಸರ್ಕಾರ ಹಣ ಕೊಡುತ್ತದೆ, ಹಳೆಯದೊಂದು ಅಗ್ಗಕ್ಕೆ ಸಿಕ್ಕಿದೆ, ಈ ಮಳೆಗೆ ಮುಂಚೆ ಕೊಳ್ಳದಿದ್ದರೆ ಹಣ ವಾಪಸ್ಸು ಎಂದ. ಲೊಂಗೋರನ ಸೊಸೆ ಆಗ ತುಂಬಿದ ಬಸುರಿ. ಅವಳು ಬೇರೆ ಯಾರೂ ಅಲ್ಲ, ಅಪುವಾ. ಅಂದು ಬಯಲಿನ ಅಂಚಿನಲ್ಲಿ ನಿಂತು ಕೂಗಿದ ಅದೇ ಅಪುವಾ. ಅವಳ ಸೊಂಟ ಕಿರಿದು, ಹಿಂದಿನ ಕೂಸು ಒಳಗೇ ಹೋಗಿತ್ತು. ಈ ಸಲ ದೊಡ್ಡಾಸ್ಪತ್ರೆ ಇಲ್ಲದಿದ್ದರೆ ತಾಯಿಯೂ ಉಳಿಯುವುದಿಲ್ಲ ಎಂದು ನಾನು ಮನೆಯವರಿಗೆಲ್ಲ ಹೇಳಿದ್ದೆ.

ಕಣ್ಣಿಂದ ನೋಡದೆ ನಮ್ಮವರು ಮರಿಯನ್ನೂ ಕೊಳ್ಳುವುದಿಲ್ಲ. ಹಾಗಾಗಿ ಹಿರಿಯರಿಬ್ಬರು ಎಕುವೋಮ್‌ನ ಜೀಪಿನಲ್ಲಿ ಲೋಕಿಗೆ ಹೊರಟರು, ಮಾತು ದಾಟಿಸಲು ನಾನು. ಒಬ್ಬ ಲೊಕಾಲೆ, ಸಾವಿನ ಮನೆಯಲ್ಲೂ ಒಂದು ತಮಾಷೆ ಹುಡುಕುವವನು. ಇನ್ನೊಬ್ಬ ಲೊಂಗೋರ್. ಪ್ರಾಣಿ ಕೊಳ್ಳುವ ಮುನ್ನ ಇಡೀ ಸೀಮೆ ಅವನನ್ನೇ ಕರೆಯುತ್ತಿತ್ತು. ಜಿರಾಫೆಯ ಬಣ್ಣದ ಎತ್ತೊಂದನ್ನು ಅವನು ಮಗನಿಗಿಂತ ಹೆಚ್ಚಾಗಿ ಸಾಕಿದ್ದ. ಓರಗೆಯವರು ಅವನನ್ನು ಕರೆಯುವುದೇ ಆ ಎತ್ತಿನ ಹೆಸರಿನಿಂದ, ಅಪಾಕೋರಿ ಎಂದು. ನನ್ನಂಥ ಕಿರಿಯರಿಗೆ ಅವನು ಬರೀ ಅಪಾ, ಅಂದರೆ ಅಪ್ಪ.

ವಿಮಾನ ಮಾರುವವನ ಹೆಸರು ಗಿತಾಹಿ. ನೈರೋಬಿಯವನು, ತಾನೇ ಹಾರಿಸುವವನು, ಒಳ್ಳೆಯ ಮನುಷ್ಯ. ಒಳ್ಳೆಯವನು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಈ ಕತೆಯಲ್ಲಿ ಕೆಟ್ಟವರು ಯಾರೂ ಕೈಗೆ ಸಿಗುವುದಿಲ್ಲ. ಅವರು ಆಗಲೇ ಹೊರಟುಹೋಗಿದ್ದರು. ಗಿತಾಹಿ ಚಹಾ ಕೊಟ್ಟ, ಮಂದಾಜಿ ಎಂಬ ಕರಿದ ತಿಂಡಿ ಕೊಟ್ಟ, ರೆಕ್ಕೆಯ ನೆರಳಲ್ಲಿ ಕೂರಿಸಿದ. ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದ ವಿಮಾನ, ಹೊಟ್ಟೆಯ ಮೇಲೆ ನೀಲಿ ಗೆರೆ.

ಲೊಕಾಲೆ ಸುತ್ತಲೂ ನಡೆದು, ಬಾಲದ ಕೆಳಗೆ ಬಗ್ಗಿ ನೋಡಿದ. "ಹಲ್ಲು ನೋಡೋಣ ಅಂದ್ರೆ ಬಾಯಿಲ್ಲ. ಹೆಣ್ಣೋ ಗಂಡೋ ನೋಡೋಣ ಅಂದ್ರೆ ಅದೂ ಇಲ್ಲ. ಇದನ್ನ ಕೊಂಡು ಹಟ್ಟಿಗೆ ಹೋದ್ರೆ ನನ್ನ ಹೆಂಡ್ತಿ ನನ್ನೇ ಆಚೆ ಕಟ್ತಾಳೆ" ಎಂದ. ಗಿತಾಹಿಗೆ ಅದನ್ನು ಹೇಳಿದೆ. ಅವನು ಮನಸಾರೆ ನಕ್ಕು, ಅಗ್ಗವೆಂದಾಕ್ಷಣ ಅನುಮಾನ ಬೇಡ, ಇದರ ಹಿಂದಿನದನ್ನೆಲ್ಲ ಮುಚ್ಚಿಡದೆ ಹೇಳುತ್ತೇನೆ ಎಂದ. ಒಂದು ಸಲ ಇಳಿಯುವಾಗ ಪೆಟ್ಟಾಗಿತ್ತು. ಮುಂದಿನ ಕಾಲು ಕಿತ್ತು ಬಂದು, ಎಂಜಿನ್ನಿನ ಹಿಂದಿನ ತಗಡು ನುಗ್ಗಾಗಿತ್ತು. ತೇಪೆ ಹಾಕಿದ ಜಾಗವನ್ನು ಬೆರಳಿಟ್ಟು ತೋರಿಸಿದ. ಈಗ ಗಟ್ಟಿಯಾಗಿದೆ, ತಾನೇ ಹಾರಿಸಿ ನೋಡಿದ್ದೇನೆ ಎಂದ. ಪೆಟ್ಟು ಹೇಗಾಯಿತು ಎಂದು ಕೇಳಿದೆ.

"ಮೇಕೆ ಅಡ್ಡ ಬಂತಂತೆ. ನಾಕಾಲೆಲ್ ಅಂತ ಯಾವುದೋ ಒಂದು ಜಾಗ, ಗಡಿ ಹತ್ರ."

ನಾನು ಚಹಾದ ಲೋಟ ಕೆಳಗಿಟ್ಟೆ. ದಾಟಿಸದೆ ಬಿಡಬಹುದಿತ್ತು, ಆದರೆ ಊರಿನ ಹೆಸರು ಇಬ್ಬರ ಕಿವಿಗೂ ಬಿದ್ದಾಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಲೊಕಾಲೆ ಮಂದಾಜಿಯನ್ನು ತಟ್ಟೆಗೆ ಹಿಂದಕ್ಕೆ ಇಟ್ಟ. ಲೊಂಗೋರ್ ಎದ್ದು ವಿಮಾನದ ಮೂಗಿನ ಹತ್ತಿರ ಹೋದ. ಕೊಳ್ಳುವ ಎತ್ತಿನ ಹಣೆ ಮುಟ್ಟುವ ಹಾಗೆ ಅಂಗೈ ಇಟ್ಟ. ನನ್ನ ಕಡೆ ತಿರುಗದೆಯೇ ಹೇಳಿದ.

"ಆ ಮೇಕೆ ಯಾವ ಬಣ್ಣದ್ದು ಅಂತ ಕೇಳು, ಮಗಾ."

ಕೇಳಿದೆ. ಗಿತಾಹಿ ಮತ್ತೆ ನಕ್ಕ. ತಾನೇನು ಅಲ್ಲಿದ್ದೆನೇ, ಕಂದು ಇರಬಹುದು ಅಜ್ಜಾ, ಮೇಕೆಗಳಿಗೆ ಬಣ್ಣಕ್ಕೇನು ಬರವೇ ಎಂದ. ಅವನ ನಗು ಮುಗಿಯುವವರೆಗೆ ಕಾದು ನಾನು ಹೇಳಿದೆ, ಅದು ಮೇಕೆಯಲ್ಲ, ಹುಡುಗಿ, ಇವರ ಮಗಳು, ಇವರು ನಾಕಾಲೆಲ್‌ನವರು ಎಂದು. ಎಕುವೋಮ್ ನನ್ನ ತೋಳು ಹಿಡಿದು ಹಿಸುಕಿದ್ದು ಆಗಲೇ. ತಡವಾಗಿತ್ತು.

ಗಿತಾಹಿಯ ಮುಖ ಬೂದಿಯಾಯಿತು. ನನಗೆ ಮೇಕೆ ಅಂತಲೇ ಹೇಳಿ ಮಾರಿದ್ದು ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ. ಮುದುಕನ ಮುಂದೆ ಟೋಪಿ ತೆಗೆದು ನಿಂತ. ನಿಜವಾಗಿಯೂ ನೊಂದುಕೊಂಡ. ನೊಂದು ಮುಗಿದ ಮೇಲೆ ವ್ಯಾಪಾರಿಯಾದ. ಇಂದು ಮಾರಿಬಿಟ್ಟು ನಾಳೆ ನಿಮ್ಮ ಜನ ಭರ್ಜಿ ಹಿಡಿದು ನನ್ನ ಬಾಗಿಲಿಗೆ ಬಂದರೆ ಏನು ಮಾಡಲಿ, ಆ ವಿಷಯ ತೀರಿದೆ ಎಂದು ಹುಡುಗಿಯ ಅಪ್ಪನೇ ಎಲ್ಲರ ಮುಂದೆ ಒಪ್ಪಬೇಕು, ಆಗ ನಾನೇ ವಿಮಾನವನ್ನು ನಾಕಾಲೆಲ್‌ಗೆ ಹಾರಿಸಿ ತಂದು ಒಪ್ಪಿಸುತ್ತೇನೆ ಎಂದ. ಅದು ನನ್ನ ಜವಾಬ್ದಾರಿ, ನೀವು ಬನ್ನಿ ಎಂದು ಎಕುವೋಮ್ ಅವನ ಕೈ ಕುಲುಕಿದ. ಲೊಂಗೋರನನ್ನು ಯಾರೂ ಏನೂ ಕೇಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಲೊಕಾಲೆ ಒಂದೂ ತಮಾಷೆ ಮಾಡಲಿಲ್ಲ.

ಊರಿನಲ್ಲಿ ಗಂಡಸರು ಕೂರುವ ಮರದಡಿ ಮಾತು ಶುರುವಾಯಿತು. ಹೆಂಗಸರು ಸ್ವಲ್ಪ ದೂರ ಕುಳಿತೆವು, ಕೇಳಿಸುವಷ್ಟು ಹತ್ತಿರ. ಮೊದಲು ಎದ್ದ ಪ್ರಶ್ನೆ ರಕ್ತದ್ದು. ಮನುಷ್ಯನನ್ನು ತಿವಿದು ಕೊಂದ ಎತ್ತನ್ನು ಕೊಂಡವನು ಅದರ ಕೊಂಬನ್ನಷ್ಟೇ ಕೊಳ್ಳುವುದಿಲ್ಲ, ಅದು ಚೆಲ್ಲಿದ ರಕ್ತವನ್ನೂ ಕೊಳ್ಳುತ್ತಾನೆ. ತೀರದೆ ಉಳಿದದ್ದನ್ನು ಅವನೇ ತೀರಿಸಬೇಕು. ಅಜ್ಜಂದಿರ ಕಾಲದಿಂದ ಇದೇ ನ್ಯಾಯ. ಹಾಗಾದರೆ ಈ ವಿಮಾನ ನಮ್ಮದಾದ ಗಳಿಗೆಯಿಂದ ನೌಕೋತಳನ್ನು ಕೊಂದವರು ನಾವು. ಅವಳನ್ನು ಎತ್ತಿದವರು, ಅವಳಿಗೆ ಕಲ್ಲು ಪೇರಿಸಿದವರು, ಲೊಂಗೋರನ ಬೇಲಿಗೆ ಬೇಲಿ ತಾಗಿಸಿ ಬದುಕುವವರು, ನಾವೇ ಅವನಿಗೆ ಮಂದೆ ಮಂದೆ ಹೊಡೆದು ಕೊಡಬೇಕು. ಕೊಂದವರು ಜೋಳದ ಚೀಲ ಮಡಚಿಕೊಂಡು ಸಮುದ್ರ ದಾಟಿದರು. ರಕ್ತವನ್ನು ಬಿಳಿ ಬಣ್ಣ ಬಳಿದು ನಮಗೇ ಮಾರಲು ಇಟ್ಟುಹೋದರು, ಅದೂ ನಮ್ಮ ಬಸುರಿಯರ ಹೆಸರಿನ ಹಣಕ್ಕೆ. ಇಂಥ ವ್ಯಾಪಾರವನ್ನು ಕಳ್ಳರೂ ಮಾಡಿದ್ದನ್ನು ನಾನು ಕೇಳಿಲ್ಲ.

ಮರದಡಿ ಯಾರಿಗೂ ಕೊಡುವ ಶಕ್ತಿಯಿರಲಿಲ್ಲ. ಯಾರದೋ ಕಣ್ಣು ಇಳಿಜಾರಿನ ಕಡೆ ಹೋಯಿತು. ಆಮೇಲೆ ಎಲ್ಲರ ಕಣ್ಣೂ ಹೋಯಿತು. ಅಲ್ಲಿ ಕಂಪನಿ ಮೇಯುತ್ತಿತ್ತು.

ದಾರಿ ಹೊಳೆದದ್ದು ಎಕುವೋಮ್‌ಗೆ. ಅಥವಾ ಅವನು ಮೊದಲೇ ಯೋಚಿಸಿಕೊಂಡು ಬಂದಿದ್ದನೋ. ಕಂಪನಿ ಕೊಟ್ಟದ್ದನ್ನು ಅಪಾ ತೆಗೆದುಕೊಳ್ಳಲಿ, ಅವುಗಳ ಕಿವಿಗೆ ತನ್ನ ಗುರುತು ಕೊಯ್ಯಲಿ. ಕೊಯ್ದರೆ ಲೆಕ್ಕ ಆ ಕಾಲದಲ್ಲೇ ತೀರಿತ್ತು ಎಂದಾಗುತ್ತದೆ. ನಾವು ಕೊಳ್ಳುವ ಹೊತ್ತಿಗೆ ವಿಮಾನ ತೊಳೆದಿಟ್ಟ ಬುರುಡೆಯ ಹಾಗೆ. ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ, ಮೇಲಾಗಿ ಅಪಾನಿಗೆ ಒಂದು ಕೊಬ್ಬಿದ ಮಂದೆ ಪುಕ್ಕಟೆ ಎಂದ.

ಲೊಂಗೋರ್ ತನ್ನ ಪುಟ್ಟ ಮರದ ಮಣೆಯ ಮೇಲೆ ಕುಳಿತು ಹೊಗೆಸೊಪ್ಪು ಅಗಿಯುತ್ತಿದ್ದ. ಉಗಿದು, ಬಾಯಿ ಒರೆಸಿಕೊಂಡ.

"ಕಿವಿ ಕೊಯ್ದ್ರೆ ನನ್ನ ಮಗಳು ಮೇಕೆ ಆದ್ಲು" ಎಂದ. "ನಾನು ದನ ಕೇಳ್ಲಿಲ್ಲ. ನಿಮ್ಮ ಹತ್ರ ಕೇಳೋದೂ ಇಲ್ಲ. ಇಲ್ಲಿ ಹುಡುಗಿ ಸತ್ತಳು ಅಂತ ಅವರಲ್ಲಿ ಒಬ್ಬ ಬಂದು ಹೇಳ್ಲಿ. ಬಾಯಲ್ಲಿ ಹೇಳಿದ್ರೆ ಸಾಕು. ಅವತ್ತೇ ಕೊಯ್ತೀನಿ."

ಎಕುವೋಮ್ ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೆತ್ತಗೆ ಹೇಳಿದ, ಆ ಕಂಪನಿಯೇ ಈಗ ಇಲ್ಲ, ಹೆಸರು ಅಳಿಸಿಕೊಂಡಿದೆ, ಆ ಪೈಲಟ್ ಯಾವ ದೇಶದಲ್ಲಿ ಇದ್ದಾನೋ ಸತ್ತಿದ್ದಾನೋ, ಬಂದು ಹೇಳಲು ಯಾರಿದ್ದಾರೆ ಎಂದು.

"ಹಂಗಾದ್ರೆ ಮೇಕೆಗಳು ಕಾಯ್ತಾವೆ. ಅವಕ್ಕೇನು ಅವಸರ?"

ಆಗ ಎಸಿನ್ಯೆನ್ ಹೆಂಗಸರ ನಡುವಿನಿಂದ ಎದ್ದಳು. ಮರದಡಿಯ ಮಾತಿನಲ್ಲಿ ಹೆಂಗಸರು ಬಾಯಿ ಹಾಕುವುದಿಲ್ಲ. ಅವಳು ಗಂಡಸರ ನಡುವೆಯೇ ನಡೆದು ಹೋಗಿ ಗಂಡನ ಮುಂದೆ ನಿಂತಳು. "ಸತ್ತೋಳಿಗೆ ನಾನೂ ತಾಯಿ. ಮೇಕೆ ಅಂದ್ರೂ ಅವಳು ಬರಲ್ಲ, ಹುಡುಗಿ ಅಂದ್ರೂ ಬರಲ್ಲ. ಒಳಗೆ ಇನ್ನೊಬ್ಬಳು ಹೊಟ್ಟೆ ಹಿಡ್ಕೊಂಡು ಕೂತಿದಾಳೆ. ನಿನ್ನ ಒಂದು ಮಾತಿಗೆ ಇನ್ನೆಷ್ಟು ಹೆಣ ಬೇಕು?"

ಲೊಂಗೋರ್ ಇನ್ನೊಂದು ಚೂರು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡ. ಮಣೆಯಿಂದ ಕದಲಲಿಲ್ಲ. ಸಭೆ ಹಾಗೆಯೇ ಚದುರಿತು. ಅವನು ಒಪ್ಪಿದ್ದಾನೆ, ಹಿರಿಯ ಮನುಷ್ಯ, ಎಲ್ಲರೆದುರು ಬಾಯಿಬಿಟ್ಟು ಹೇಳಲು ನಾಚುತ್ತಾನೆ ಅಷ್ಟೇ ಎಂದು ಎಕುವೋಮ್ ಲೋಕಿಗೆ ಹೇಳಿಕಳಿಸಿದ.

ನಾನು ಆ ಸಂಜೆ ಅಪುವಾಳ ಹೊಟ್ಟೆ ಮುಟ್ಟಿ ನೋಡಲು ಹೋಗಿದ್ದೆ. ಕೂಸು ಅಡ್ಡ ತಿರುಗಿತ್ತು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಅವಳು ವಿಮಾನದ ಬಗ್ಗೆ ಕೇಳಿದಳು: ಮೂಗಿನ ತಗಡು ತೇಪೆ ಹಾಕಿದ್ದು ಹೌದಾ, ಒಳಗೆ ಮಲಗಲು ಜಾಗ ಇದೆಯಾ, ಮಲಗಿದರೆ ಕಿಟಕಿಯಿಂದ ಏನು ಕಾಣುತ್ತದೆ. ಆಮೇಲೆ ತಾನಾಗಿಯೇ ಹೇಳಿದಳು, ಸದ್ದು ಕೇಳಿದರೆ ತನ್ನ ಕಾಲುಗಳು ಇವತ್ತಿಗೂ ತಾವಾಗಿ ಓಡಲು ಎದ್ದುಬಿಡುತ್ತವೆ ಎಂದು. ಹೊರಗೆ ಬೇಲಿಯ ಹತ್ತಿರ ಮುದುಕ ಮಂದೆಗೆ ನೀರು ಬಿಡುತ್ತಿದ್ದ. ಅಪಾ, ಈ ಸಲ ಕೂಸು ಅಡ್ಡ ಇದೆ ಎಂದೆ. ಗೊತ್ತು ಮಗಾ ಎಂದ. ನೀರು ಬಿಡುವುದನ್ನು ಮುಂದುವರಿಸಿದ. ಮೊದಲು ತನ್ನ ಮಂದೆ, ಆಮೇಲೆ ಇಡೀ ಕಿವಿಯವು. ಯಾವತ್ತಿನ ಹಾಗೆ.

ವಿಮಾನ ಒಪ್ಪಿಸುವ ದಿನ ಬೆಳಿಗ್ಗೆಯೇ ಬೆಟ್ಟದ ಮೇಲೆ ಮೋಡ ಇಳಿದಿತ್ತು. ಮಳೆ ಆ ಕಡೆ ಆಗಲೇ ಬಿದ್ದಿರಬೇಕು, ಗಾಳಿಗೆ ಒದ್ದೆ ಮಣ್ಣಿನ ವಾಸನೆ. ನದಿ ಬರುವ ಮೊದಲು ಅದರ ವಾಸನೆ ಬರುತ್ತದೆ. ಹೆಂಗಸರು ಕೊರಳ ತುಂಬ ಮಣಿ ಹಾಕಿಕೊಂಡು ಬಯಲಿನ ಅಂಚಿಗೆ ಬಂದರು. ಹಾಡಲು ಹೇಳಿದ್ದರು, ಹಾಡಿದರು. ಹಾಡಿನಲ್ಲಿ ಜೀವವಿರಲಿಲ್ಲ. ಅಪುವಾಳನ್ನು ನಾನೇ ಮೆಲ್ಲಗೆ ನಡೆಸಿಕೊಂಡು ಬಂದಿದ್ದೆ. ಬಂದ ವಿಮಾನ ಅವಳನ್ನು ಕರೆದುಕೊಂಡೇ ಹಿಂದಿರುಗಬೇಕು ಎಂದು ಎಕುವೋಮ್‌ನ ಹತ್ತಿರ ಜಗಳವಾಡಿ ಒಪ್ಪಿಸಿದ್ದೆ.

ಲೊಂಗೋರ್ ಆಗಲೇ ಅಲ್ಲಿದ್ದ. ನೌಕೋತಳ ಕಲ್ಲುರಾಶಿಯ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದ. ಎದುರಿಗೆ, ವಿಮಾನ ಇಳಿಯಬೇಕಾದ ಸಮನೆಲದ ನಟ್ಟನಡುವೆ, ಕಂಪನಿ ಕಾಲು ಮಡಚಿ ಮಲಗಿತ್ತು. ಅವನು ಕರೆತಂದಿರಲಿಲ್ಲ. ಹಿಂದಿನ ಹಗಲಿನ ಬಿಸುಪು ಉಳಿದಿರುವ ಆ ಗಟ್ಟಿ ನೆಲ ಮೇಕೆಗಳಿಗೆ ಯಾವಾಗಲೂ ಇಷ್ಟ. ಅದಕ್ಕಾಗಿಯೇ ತಾನೇ ಹಿಂದೆ ಹುಡುಗಿಯರನ್ನು ಇಟ್ಟದ್ದು. ಅವನ ಸ್ವಂತ ಮಂದೆ ಮಾತ್ರ ದೂರದ ಹಳ್ಳದ ಕಡೆ ಇತ್ತು. ಅದನ್ನು ಅವನು ಬೆಳಿಗ್ಗೆಯೇ ಅಟ್ಟಿದ್ದ.

ಎಕುವೋಮ್ ಸಣ್ಣ ಚೂರಿಯೊಂದನ್ನು ಹಿಡಿದು ಅವನ ಮುಂದೆ ನಿಂತ. ಗಿತಾಹಿ ಇಳಿದ ಕೂಡಲೇ ಒಂದೇ ಒಂದು ಕಿವಿ ಕೊಯ್ದರೆ ಸಾಕು, ಉಳಿದವಕ್ಕೆ ಆಮೇಲೆ ಬಿಡುವು ಮಾಡಿಕೊಂಡು ಎಂದ. ಲೊಂಗೋರ್ ಚೂರಿಯನ್ನು ನೋಡಿದ. ತೆಗೆದುಕೊಳ್ಳಲಿಲ್ಲ.

ಸದ್ದು ಕೇಳಿಸಿತು. ಮೋಡದ ಕೆಳಗಿನಿಂದ ಬಿಳಿ ವಿಮಾನ ಬಂತು. ಈ ಸಲ ಅದು ಸುತ್ತು ಹಾಕಿತು. ಗಿತಾಹಿಗೆ ಯಾರು ಹೇಳಿದ್ದರೋ, ಊರ ಮೇಲೆ ತಗ್ಗಿನಲ್ಲಿ, ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಸುತ್ತಿತು. ಸುತ್ತಿದ್ದನ್ನು ನೋಡಿ ಎಸಿನ್ಯೆನ್ ನೆಲಕ್ಕೆ ಕುಳಿತುಬಿಟ್ಟಳು.

ಮೇಕೆ ಓಡಿಸು ಅಪಾ ಎಂದ ಎಕುವೋಮ್. ಬೇಗ, ಅವನು ಇಳಿಯಬೇಕು.

"ನನ್ನವಲ್ಲ."

"ನಿನ್ನ ಹಟ್ಟೀಲೇ ಮಲಗ್ತಾವೆ."

"ಮಲಗ್ತಾವೆ. ಕಿವಿ ನೋಡು, ನನ್ನವಲ್ಲ. ಕಂಪನಿಯೋರ ಮೇಕೆ, ಕಂಪನಿಯೋರೇ ಓಡಿಸ್ಲಿ."

ವಿಮಾನ ಎರಡನೆಯ ಸುತ್ತಿಗೆ ತಿರುಗಿತು. ಬೆಟ್ಟದ ಮೇಲಿನ ಮೋಡ ಬಯಲಿನ ಕಡೆ ಸರಿಯುತ್ತಿತ್ತು. ಗಿತಾಹಿ ಹೆಚ್ಚು ಹೊತ್ತು ಸುತ್ತಲಾರ ಎಂದು ಕತ್ತೆತ್ತಿದ ಎಲ್ಲರಿಗೂ ಕಾಣುತ್ತಿತ್ತು. ಎಕುವೋಮ್ ಲೊಕಾಲೆಯನ್ನು ನೋಡಿದ. ಲೊಕಾಲೆ ತನ್ನ ಕೋಲನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಉಳಿದ ಗಂಡಸರೂ ಅಷ್ಟೇ. ಆ ಮಂದೆಗೆ ಕೋಲೆತ್ತಿದವನು ಅದನ್ನು ತನ್ನದೆನ್ನಬೇಕು, ನೌಕೋತಳ ಬೆಲೆ ಒಂದು ಮೇಕೆ ಎಂದು ತನ್ನ ಕೈಯಾರೆ ಒಪ್ಪಬೇಕು. ಅವಳ ಕಲ್ಲುರಾಶಿಯ ಎದುರಿಗೇ. ಕೊನೆಗೆ ಎಕುವೋಮ್ ಯಾರದೋ ಕೈಯಿಂದ ಕೋಲು ಕಿತ್ತುಕೊಂಡು ಬಯಲಿಗೆ ಇಳಿದ. ಬೂಟಿನಲ್ಲಿ ನಾಲ್ಕು ಹೆಜ್ಜೆ ದಡದಡ ಹೋದ. ಕಪ್ಪು ಮುಖದ ಮುದಿ ಮೇಕೆ ತಲೆಯೆತ್ತಿ ಅವನನ್ನೇ ನೋಡಿತು. ಕೋಲು ಎತ್ತಿದವನು ಹಾಗೇ ನಿಂತ. ಕಚೇರಿ ಎಷ್ಟೇ ದೊಡ್ಡದಿರಲಿ, ಇದೇ ಮಣ್ಣಿನಲ್ಲಿ ಮೇಕೆ ಕಾದವನು. ಕೋಲು ತಾನಾಗಿ ಕೆಳಗಿಳಿಯಿತು.

ಅವನು ತಿರುಗಿ ಬಂದಾಗ ಅವನ ಕಣ್ಣು ಹೆಂಗಸರ ಸಾಲನ್ನು ಹುಡುಕುತ್ತಿತ್ತು. ಅಪುವಾಳ ಮೇಲೆ ನಿಂತಿತು. ಕೋಲನ್ನು ಅವಳ ಕೈಗೆ ಹಿಡಿಸಿದ. ಬೆವರುತ್ತಿದ್ದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡುತ್ತಿದ್ದ ಎಂದೇ ಹೇಳಬೇಕು.

"ಇದು ಬರ್ತಿರೋದು ನಿನಗೋಸ್ಕರ. ನಿನಗೆ ಅಭ್ಯಾಸ ಇರೋ ಕೆಲಸ ತಾನೇ. ಹೋಗು ತಂಗಿ, ನೀನೇ ಓಡಿಸು."

ಲೊಂಗೋರ್ ಆಗ ಮಣೆಯಿಂದ ಎದ್ದ. ಬೇಡ ಎನ್ನಲು ಎದ್ದನೋ, ಓಡಿಸು ಎನ್ನಲು ಎದ್ದನೋ ಗೊತ್ತಿಲ್ಲ. ನಾನು ಅಪುವಾಳ ಬೆನ್ನ ಮೇಲಿಟ್ಟಿದ್ದ ಕೈಗೆ ಒಳಗಿನ ಬಿಗಿತ ತಾಗಿತು, ಹೊಟ್ಟೆ ಕಲ್ಲಾಗಿ ಮತ್ತೆ ಸಡಿಲವಾಯಿತು. ನೋವು ಶುರುವಾಗಿತ್ತು. ವಿಮಾನ ನೇರವಾಗಿ ಬಯಲಿನ ಕಡೆ ಮೂಗು ತಿರುಗಿಸಿ ತಗ್ಗತೊಡಗಿತು, ಸೂರ್ಯನ ಕಡೆಯಿಂದ. ಅಪುವಾಳ ಬಲಗಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು.

ಅವಳು ಆ ಕಾಲನ್ನು ನೋಡಿಕೊಂಡಳು. ಹಿಂದಕ್ಕೆ ಎಳೆದುಕೊಂಡಳು. ಕೋಲನ್ನು ಕಲ್ಲುರಾಶಿಯ ಮೇಲೆ ಇಟ್ಟಳು, ಎಸೆಯಲಿಲ್ಲ.

"ನಾನು ಹೋಗಲ್ಲ" ಎಂದಳು.